ಮೀಟರಿನ ಮೇಲೊಂದು ಕರವಸ್ತ್ರ

ಹಳೆಯ ಕಾರು ನೋಡಲು ಹೋದಾಗ ನಾನು ಮೊದಲು ಮಾಡುವ ಕೆಲಸವೆಂದರೆ ಜೇಬಿನಿಂದ ಕರವಸ್ತ್ರ ತೆಗೆದು ಮೀಟರಿನ ಮೇಲೆ ಹೊದಿಸುವುದು. ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರು ಹೇಳುವ ಮೊದಲು ಕಾರು ಹೇಳಬೇಕು. ಅಂಕಿ ಮೊದಲು ಕಣ್ಣಿಗೆ ಬಿತ್ತೋ, ಮುಗಿಯಿತು, ಆಮೇಲೆ ಕಣ್ಣು ಅದಕ್ಕೇ ತಾಳ ಹಾಕುತ್ತಾ ಹೋಗುತ್ತದೆ. ಹಾಗಾಗಿ ಬಟ್ಟೆ ಮುಚ್ಚಿ, ಸೀಟು, ಪೆಡಲ್ಲು, ಸ್ಟೀರಿಂಗು, ಬಾಗಿಲಿನ ಕೀಲು ಎಲ್ಲ ನೋಡಿ, ನನ್ನ ಅಂದಾಜನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿ, ಆಮೇಲೆ ಬಟ್ಟೆ ಎತ್ತುತ್ತೇನೆ. ಮಾರಾಟದ ಕಾರು ಪರೀಕ್ಷಿಸಿ ವರದಿ ಕೊಡುವ ಕಸುಬಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಇದೇ ಪದ್ಧತಿ. ನನ್ನ ಹೆಸರು ಮರೆತವರೂ ‘ಆ ಕರವಸ್ತ್ರದವರನ್ನ ಕರೀರಿ’ ಅನ್ನುತ್ತಾರೆ. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಸಂದರ್ಭವೇ ನನಗೆ ಬಂದಿಲ್ಲ ಎಂದು ಸೊಕ್ಕಿನಿಂದ ಹೇಳಿಕೊಂಡು ತಿರುಗುತ್ತಿದ್ದೆ, ಆ ಸೋಮವಾರದ ತನಕ.

ಫೋನ್ ಮಾಡಿದವನು ಒಬ್ಬ ಕನ್ನಡಕದಂಗಡಿಯವನು. ತೀರಿಕೊಂಡ ಅಣ್ಣನ ಕಾರನ್ನು ಮಾರಬೇಕಿತ್ತಂತೆ.

“ಮೂವತ್ತಮೂರು ವರ್ಷದ ಕಾರು ಸಾರ್. ಎರಡೇ ಸೀಟು, ಮೇಲೆ ಬಟ್ಟೆ ಛಾವಣಿ, ಕೆಂಪು ಬಣ್ಣ. ಈಗ ಅಂಥದ್ದು ಹುಡುಕಿದ್ರೂ ಸಿಗಲ್ಲ. ಓಡಿರೋದು ಎಷ್ಟು ಅಂತ ಕೇಳಿದ್ರೆ ಕೂತಲ್ಲೇ ಬಿದ್ದುಹೋಗ್ತೀರಾ!”

“ಹೇಳಬೇಡಿ.”

“ಬರೀ ಹನ್ನೊಂ…”

“ಹೇಳಬೇಡಿ ಅಂದ್ನಲ್ಲ!” ಎಂದು ಗದರಿ ಫೋನ್ ಇಟ್ಟೆ. ಬರೀ ಹನ್ನೊಂದೋ ಹನ್ನೊಂದು ಸಾವಿರವೋ, ಆ ಮನುಷ್ಯ ಅರ್ಧ ಅಂಕಿಯನ್ನು ನನ್ನ ಕಿವಿಗೆ ತುರುಕಿಬಿಟ್ಟಿದ್ದ. ಅದಕ್ಕೇ ಇರಬೇಕು, ಆ ದಿನ ಹೋಗುವಾಗಲೇ ನನ್ನ ಮೂಗಿನ ತುದಿಯಲ್ಲಿ ಸಿಟ್ಟು ಕೂತಿತ್ತು.

ಕಾರು ಇದ್ದದ್ದು ಅವರ ಮನೆಯಲ್ಲಲ್ಲ. ಮನೆಯಿಂದ ಹತ್ತು ನಿಮಿಷ ನಡೆದರೆ ಗೋದಾಮುಗಳ ಹಿಂದೆ ಒಂದು ಗಲ್ಲಿ, ಅಲ್ಲಿ ಸಾಲಾಗಿ ಬಾಡಿಗೆಯ ಶೆಡ್ಡುಗಳು. ಏಳನೆಯದರ ಶಟರನ್ನು ಕನ್ನಡಕದಂಗಡಿಯವನು ಒದ್ದಾಡಿಕೊಂಡು ಮೇಲೆತ್ತಿದ. ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಆಸುಪಾಸು, ತೆಳ್ಳಗೆ, ಎರಡೂ ಕೈಯಲ್ಲಿ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು.

“ನಮ್ಮ ಅತ್ತಿಗೆ,” ಎಂದ ಅವನು. “ಅಣ್ಣ ಹೋಗಿ ನಾಲ್ಕು ತಿಂಗಳಾಯ್ತು. ಬನ್ನಿ ಅತ್ತಿಗೆ, ಒಳಗೆ ಬನ್ನಿ, ಯಾಕೆ ಅಲ್ಲೇ ನಿಂತ್ಬಿಟ್ರಿ?”

“ಇಲ್ಲಿಂದಾನೇ ಕಾಣುತ್ತೆ,” ಎಂದರು ಆಕೆ. ಹೊಸಿಲು ದಾಟಲಿಲ್ಲ. ಶೆಡ್ಡಿನ ಗೋಡೆ, ಮೊಳೆಗೆ ತೂಗುಹಾಕಿದ್ದ ಹಳೆಯ ಸ್ವೆಟರು, ಮೂಲೆಯಲ್ಲಿದ್ದ ಖಾಲಿ ಎಣ್ಣೆ ಡಬ್ಬಿ, ಹೀಗೆ ಒಂದೊಂದನ್ನೇ ನೋಡಿದರು. ಪರರ ಮನೆಗೆ ಬಂದವರು ನೋಡುವ ಹಾಗಿತ್ತು ಆ ನೋಟ. ಇಪ್ಪತ್ತಾರು ವರ್ಷ ಬಾಡಿಗೆ ಕಟ್ಟಿದ ಶೆಡ್ಡಿಗೆ ಆಕೆ ಬಂದದ್ದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು.

ನಾನು ಹೊದಿಕೆ ಸರಿಸಿ, ಬಾಗಿಲು ತೆಗೆದು, ಕಣ್ಣು ಕಿರಿದು ಮಾಡಿಕೊಂಡೇ ಮೀಟರಿನ ಮೇಲೆ ಕರವಸ್ತ್ರ ಹಾಕಿದೆ. ಕನ್ನಡಕದಂಗಡಿಯವನು ಪಕ್ಕದಲ್ಲೇ ಬಾಗಿ ನಿಂತು, “ಆಹಾ, ನೋಡಿ ಸಾರ್, ಡ್ಯಾಶ್ ಬೋರ್ಡು ಒಂದು ಗೀರಿಲ್ಲ! ನಮ್ಮಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದ,” ಎಂದು ಶುರು ಮಾಡಿದ. ಅವನಿಗೆ ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ. ನಾನು ಸೀಟು ಒತ್ತಿದರೆ ಒಂದು ಮಾತು, ಪೆಡಲ್ಲು ಮುಟ್ಟಿದರೆ ಇನ್ನೊಂದು ಮಾತು.

“ಸ್ವಾಮಿ, ನೀವು ಕಣ್ಣು ಪರೀಕ್ಷೆ ಮಾಡೋವಾಗ ನಾನು ಬಂದು ಕಿವೀಲಿ ಹಾಡು ಹೇಳ್ಲಾ?” ಎಂದೆ. ಆಗ ಎರಡು ನಿಮಿಷ ಸುಮ್ಮನಿದ್ದ.

ಆ ಎರಡು ನಿಮಿಷದಲ್ಲಿ ನಾನು ಕಂಡದ್ದು ಇಷ್ಟು. ಓಡಿಸುವವರ ಸೀಟು ಕುಳಿಬಿದ್ದಿತ್ತು. ಚರ್ಮ ನೆರಿಗೆಗಟ್ಟಿ, ಮಧ್ಯದಲ್ಲಿ ಹೊಲಿಗೆ ಬಿಟ್ಟು, ಒಳಗಿನ ಸ್ಪಂಜು ಪುಡಿಯಾಗಿತ್ತು. ತಲೆಯೊರಗಿಸುವ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ, ಸ್ಟೀರಿಂಗಿನ ಕೆಳಭಾಗದಲ್ಲಿ ಹೊಳಪು. ಗೇರಿನ ಗುಂಡಿನ ಮೇಲಿನ ಅಂಕಿಗಳು ಅಂಗೈಯ ಉಜ್ಜಿಗೆ ಅಳಿಸಿಹೋಗಿದ್ದವು. ಲಕ್ಷಾಂತರ ಕಿಲೋಮೀಟರ್ ಓಡಿದ ಟ್ಯಾಕ್ಸಿಗಳಲ್ಲಿ ಇಂಥ ಸೀಟು ನೋಡಿದ್ದೇನೆ. ಇಷ್ಟೆಲ್ಲ ಸವೆದಿದ್ದರೂ ಪೆಡಲ್ಲಿನ ರಬ್ಬರುಗಳ ಗೀರುಗಳು ಮಾತ್ರ ಹೊಸದರಂತೆ ಚೂಪಾಗಿದ್ದವು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೀಟರು ಹಿಂದಕ್ಕೆ ತಿರುಗಿಸುವವನು ಮೊದಲು ಮಾಡುವುದೇ ಪೆಡಲ್ಲಿಗೆ ಹೊಸ ರಬ್ಬರು ಹಾಕುವ ಕೆಲಸ, ಅದು ಸುಲಭ. ಸೀಟು ಹೊಲಿಸುವುದು ಕಷ್ಟ, ಅದನ್ನು ಬಿಟ್ಟುಬಿಡುತ್ತಾನೆ. ಹೆಬ್ಬೆರಳಿನಿಂದ ಆ ರಬ್ಬರನ್ನು ಒತ್ತಿದಾಗ ಬೆರಳಿಗೆ ಏನೋ ಒಂದು ತಡೆದ ಹಾಗಾಯಿತು. ಅಷ್ಟರಲ್ಲಿ ಕನ್ನಡಕದಂಗಡಿಯವನ ಎರಡು ನಿಮಿಷ ಮುಗಿದು, “ಹೇಗಿದೆ ಸಾರ್?” ಎಂದು ಮತ್ತೆ ಬಾಯಿ ಹಾಕಿದ. ನಾನು ಸಿಡುಕಿ ಎದ್ದುಬಿಟ್ಟೆ. ಕಾರಿನ ಕೆಳಗೆ ಮಲಗಿ ನೋಡುವುದನ್ನೂ ಬಿಟ್ಟೆ.

“ಒಂದು ಲಕ್ಷ ಕಿಲೋಮೀಟರಿಗೆ ಕಡಿಮೆ ಇಲ್ಲ,” ಎಂದು ಹೇಳಿ ಕರವಸ್ತ್ರ ಎತ್ತಿದೆ. ಮೀಟರಿನಲ್ಲಿ ಹನ್ನೊಂದು ಸಾವಿರದ ನಾನೂರ ಆರು ಅಂತಿತ್ತು.

“ಸುಳ್ಳು. ತಿರುಗಿಸಿದ ಮೀಟರು.”

ಕನ್ನಡಕದಂಗಡಿಯವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವನು ಬಾಯಿ ತೆರೆಯುವ ಮೊದಲೇ ಹೊಸಿಲಿನ ಆಚೆಯಿಂದ ಆಕೆ ಕೇಳಿದರು.

“ಅಂದ್ರೆ ಕಾರು ಓಡಿದೆ?”

“ಚೆನ್ನಾಗಿ ಓಡಿದೆ.”

“ದೂರ ದೂರ ಹೋಗಿದ್ದಾರೆ?”

“ಸೀಟು ಇಷ್ಟು ಸವೀಬೇಕಾದ್ರೆ ಹೋಗಿರಲೇಬೇಕಮ್ಮಾ.”

“ಹೋಗಿ ಬಂದು, ಗೊತ್ತಾಗದ ಹಾಗೆ ಮೀಟರು ತಿರುಗಿಸಿದ್ದಾರೆ. ಈ ಕಾರನ್ನ ಬೇರೆ ಯಾರೂ ಮುಟ್ಟಿಲ್ಲ. ಗೊತ್ತಾಗಬಾರದು ಅಂದ್ರೆ ಯಾರಿಗೆ? ನನಗೇ ತಾನೆ?”

ನಾನು ಕಾರು ನೋಡುವವನು, ಸಂಸಾರ ನೋಡುವವನಲ್ಲ ಎಂದುಕೊಂಡು ಕರವಸ್ತ್ರ ಮಡಚುತ್ತಾ ನಿಂತೆ. ಆಕೆ ಅಳಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಅಷ್ಟೇ.

“ಪ್ರತಿ ಭಾನುವಾರ ಎಂಟಕ್ಕೆ ಹೋದ್ರೆ ಹನ್ನೆರಡಕ್ಕೆ ಬರೋರು. ‘ಎಲ್ಲಿಗೆ’ ಅಂದ್ರೆ ‘ಹೀಗೇ, ಒಂದು ಸುತ್ತು’ ಅನ್ನೋರು. ಇಪ್ಪತ್ತಾರು ವರ್ಷ ಒಂದೇ ಮಾತು. ಕೊನೆಗೆ ನಾನು ಕೇಳೋದೇ ಬಿಟ್ಟೆ. ಮೀಟರು ನಿಜ ಅಂತ ನೀವು ಅಂದಿದ್ರೆ ನನ್ನ ಅನುಮಾನಾನ ನುಂಗಿಕೊಂಡು ಸುಮ್ಮನಾಗ್ತಿದ್ದೆ.” ಆಮೇಲೆ ಮೈದುನನ ಕಡೆ ತಿರುಗಿ, “ನೀನು ಮಾರಿಬಿಡಪ್ಪ. ಅವರ ಬಟ್ಟೆಯೆಲ್ಲ ಬೀರುವಿನಲ್ಲಿ ಹಾಗೇ ಇದೆ, ಇವತ್ತೇ ಕಟ್ಟಿಡ್ತೀನಿ. ಬುಧವಾರ ಹಳೇ ಬಟ್ಟೆ ತಗೊಳ್ಳೋರು ಬರ್ತಾರೆ. ಒಂದು ಗುಂಡೀನೂ ಉಳಿಸಿಕೊಳ್ಳಲ್ಲ,” ಎಂದರು.

ಆಕೆ ನಡೆದೇ ಹೋದರು. ಗಲ್ಲಿಯ ತುದಿಯವರೆಗೂ ಬೆನ್ನು ಕಾಣುತ್ತಿತ್ತು, ಒಮ್ಮೆಯೂ ತಿರುಗಲಿಲ್ಲ.

“ಅತ್ತಿಗೆ ತಲೇಲಿ ಆ ಹುಳ ಹೊಕ್ಕು ಕಾಲವಾಯ್ತು ಸಾರ್,” ಎಂದ ಕನ್ನಡಕದಂಗಡಿಯವನು, ಮೊದಲ ಸಲ ಮೆಲ್ಲಗೆ. “ಅಣ್ಣನಿಗೆ ಎಲ್ಲೋ ಇನ್ನೊಂದು ಮನೆ ಇತ್ತು ಅಂತ. ನಮ್ಮಣ್ಣ ನಕ್ಷೆ ಬರೆಯೋ ಕಚೇರೀಲಿದ್ದ. ಮಾತು ಅಂದ್ರೆ ಅಲರ್ಜಿ. ಕೇಳಿದ್ದಕ್ಕೆ ಹೂಂ, ಕೇಳದಿದ್ದಕ್ಕೆ ಅದೂ ಇಲ್ಲ. ಅಂಥವನು ಇನ್ನೊಂದು ಮನೆ ಇಟ್ಕೊಂಡು ಅಲ್ಲೇನು ಮಾತಾಡ್ತಿದ್ದ ಅಂತ ನಾನು ತಮಾಷೆ ಮಾಡ್ತಿದ್ದೆ. ಈಗ ನೋಡಿದ್ರೆ…”

ನಾನು ಅವನ ಮಾತು ಮುಗಿಯುವವರೆಗೆ ನಿಲ್ಲಲಿಲ್ಲ. ವರದಿ ಬರೆದು ನಾಳೆ ಕಳಿಸುತ್ತೇನೆ ಎಂದು ಹೇಳಿ ಹೊರಟೆ.

ನಾನಿರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡ. ಕೆಳಗೆ ಅಂಗಳದಲ್ಲಿ, ನಮ್ಮ ಅಡುಗೆಮನೆಯ ಕಿಟಕಿಯ ನೇರಕ್ಕೆ ನನ್ನ ಕಾರು ನಿಲ್ಲಿಸುವ ಜಾಗ. ಆ ಸಂಜೆಯೂ ಏಳಕ್ಕೆ ಬಂದು ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಇಳಿಯಲಿಲ್ಲ.

ಇದನ್ನು ಯಾರಿಗೂ ಹೇಳಿದವನಲ್ಲ, ಈಗ ಹೇಳುತ್ತೇನೆ. ದಿನಾ ಸಂಜೆ ನಾನು ಹೀಗೆ ಕಾರಿನಲ್ಲೇ ಕೂರುತ್ತೇನೆ. ರೇಡಿಯೋ ಇಲ್ಲ, ಫೋನ್ ಇಲ್ಲ, ಸುಮ್ಮನೆ. ಹದಿನೆಂಟು ವರ್ಷದ ಹಿಂದೆ ಶುರುವಾದಾಗ ಹತ್ತು ನಿಮಿಷವಿತ್ತು, ಬರುಬರುತ್ತಾ ಒಂದು ಗಂಟೆಯಾಯಿತು. ಆಗ ನನ್ನ ಹೆಂಡತಿ ಬದುಕಿದ್ದಳು. ನಮ್ಮ ನಡುವೆ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಮಾತಾದರೂ ಇರುತ್ತಿತ್ತು. ಮೇಲೆ ಹೋದರೆ ಅವಳು ‘ಬಂದ್ರಾ’ ಅನ್ನಬೇಕು, ನಾನು ‘ಹೂಂ’ ಅನ್ನಬೇಕು, ಆಮೇಲೆ ಮಲಗುವ ತನಕ ಏನು ಮಾತಾಡುವುದು ಎಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಹೆದರಿ ಕೆಳಗೆ ಕೂರುತ್ತಿದ್ದೆ. ತಡವಾಗಿ ಹೋದರೂ ಅವಳು ಯಾಕೆ ಅನ್ನಲಿಲ್ಲ. ಎಂಟಕ್ಕೆ ಹೋದರೂ ಊಟ ಬಿಸಿಬಿಸಿ ಇರುತ್ತಿತ್ತು, ಎಂಟೂವರೆಗೆ ಹೋದರೂ ಬಿಸಿಬಿಸಿ ಇರುತ್ತಿತ್ತು. ಅವಳಿಗೆ ಏನೂ ಗೊತ್ತಿಲ್ಲ, ಕೆಲಸ ಜಾಸ್ತಿ ಅಂದುಕೊಂಡಿದ್ದಾಳೆ ಎಂದು ನಾನು ನೆಮ್ಮದಿಯಾಗಿದ್ದೆ. ಅವಳು ಹೋಗಿ ಆರು ವರ್ಷ. ಆಗ ಮನೆಯಲ್ಲಿ ಅವಳಿದ್ದಾಳೆ ಎಂದು ಕೂರುತ್ತಿದ್ದೆ, ಈಗ ಅವಳಿಲ್ಲ ಎಂದು ಕೂರುತ್ತೇನೆ.

ಆ ಸಂಜೆ ಕೂತವನಿಗೆ ಸಮಾಧಾನವಿರಲಿಲ್ಲ. ಬೆಳಗ್ಗೆ ಹೆಬ್ಬೆರಳಿಗೆ ತಡೆದದ್ದು ಏನು ಎಂದು ಕೊರೆಯುತ್ತಿತ್ತು. ಕೈಗಳು ಎಂದಿನಂತೆ ಸ್ಟೀರಿಂಗಿನ ಕೆಳಭಾಗದಲ್ಲಿ, ತೊಡೆಯ ಮೇಲೆ ಬಿದ್ದುಕೊಂಡಿದ್ದವು. ಅಂಗಳದ ದೀಪದಲ್ಲಿ ಆ ಜಾಗ ಹೊಳೆಯುವುದು ಕಂಡಿತು. ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಓಡಿಸುವವನ ಕೈ ಸ್ಟೀರಿಂಗಿನ ಎಡಬಲವನ್ನು ಸವೆಸುತ್ತದೆ. ಕೆಳಭಾಗ ಸವೆಯುವುದು ಕೈ ಚೆಲ್ಲಿ ಸುಮ್ಮನೆ ಕೂತವನಿಂದ ಮಾತ್ರ. ಆ ಕೆಂಪು ಕಾರಿನ ಸ್ಟೀರಿಂಗೂ ಕೆಳಗಡೆಯೇ ಹೊಳೆಯುತ್ತಿತ್ತಲ್ಲ!

ಆಮೇಲೆ ಒಂದೊಂದೇ ನೆನಪಾಗತೊಡಗಿತು. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಕಾರಿನಲ್ಲಿ ಸೀಟಿನ ಬಾಗಿಲ ಕಡೆಯ ಅಂಚು ಮೊದಲು ಹರಿಯುತ್ತದೆ. ಆ ಕೆಂಪು ಕಾರಿನಲ್ಲಿ ಅಂಚು ಗಟ್ಟಿಯಾಗಿತ್ತು, ಮಧ್ಯ ಮಾತ್ರ ಕುಳಿಬಿದ್ದಿತ್ತು. ಇನ್ನು ಆ ರಬ್ಬರು. ಹೊಸದಾಗಿ ಹಾಕಿದ ರಬ್ಬರು ಒತ್ತಿದರೆ ಮೆತ್ತಗಿರುತ್ತದೆ. ಅದು ಕಲ್ಲಿನ ಹಾಗಿತ್ತು. ಬೆರಳಿಗೆ ಗೊತ್ತಾಗಿತ್ತು, ನಾಲಿಗೆ ಕೇಳಲಿಲ್ಲ. ಭಾನುವಾರಕ್ಕೆ ನಾಲ್ಕು ಗಂಟೆ, ಇಪ್ಪತ್ತಾರು ವರ್ಷ. ಐದು ಸಾವಿರ ಗಂಟೆಗೂ ಮೇಲೆ. ಅಷ್ಟು ಹೊತ್ತು ಓಡಿಸಿದ್ದರೆ ಎರಡು ಲಕ್ಷ ಕಿಲೋಮೀಟರ್ ಆಗುತ್ತಿತ್ತು. ಸೀಟು ಸುಳ್ಳು ಹೇಳಿರಲಿಲ್ಲ, ಮೀಟರೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು.

“ಥೂ, ನಿನ್ನ ಕಸುಬಿಗಿಷ್ಟು ಬೆಂಕಿ ಹಾಕ!” ಎಂದು ನನ್ನನ್ನೇ ಬೈದುಕೊಂಡೆ. ಪಕ್ಕದ ಕಾರಿಗೆ ಹೊದಿಕೆ ಹಾಕುತ್ತಿದ್ದವನು ತಿರುಗಿ ನೋಡಿದ.

ಮಂಗಳವಾರ ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಕನ್ನಡಕದಂಗಡಿಯವನ ಬಾಗಿಲಲ್ಲಿ ನಿಂತು ಶೆಡ್ಡಿನ ಕೀಲಿ ಕೇಳಿದೆ. “ಮತ್ಯಾಕೆ ಸಾರ್? ನಿನ್ನೇನೇ ಕಡ್ಡಿ ಮುರಿದ ಹಾಗೆ ಹೇಳಿದ್ರಲ್ಲ,” ಎಂದ. “ನಿಮ್ಮ ಬಾಯಿ ಇಲ್ಲದೆ ಒಂದ್ಸಲ ನೋಡ್ಬೇಕು,” ಎಂದೆ. ಪಾಪ, ನಕ್ಕು ಕೊಟ್ಟ.

ಒಬ್ಬನೇ ಶಟರು ಎತ್ತಿ, ಕರವಸ್ತ್ರ ಹೊರಗೆ ತೆಗೆಯದೆ, ನೆಲದ ಮೇಲೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ಹೋದೆ. ಎಂಜಿನ್ನಿನಿಂದ ಎಣ್ಣೆ ಜಿನುಗಿ ನೆಲದಲ್ಲಿ ಒಂದೇ ಒಂದು ಕಡೆ ಬಿದ್ದು, ಧೂಳಿನ ಜೊತೆ ಗಟ್ಟಿಯಾಗಿ ಗುಬುಟು ಕಟ್ಟಿತ್ತು. ಹೋಗಿ ಬರುವ ಕಾರು ಒಂದು ದಿನ ನಾಲ್ಕು ಬೆರಳು ಮುಂದೆ, ಇನ್ನೊಂದು ದಿನ ಹಿಂದೆ ನಿಲ್ಲುತ್ತದೆ, ಕಲೆ ಹರಡುತ್ತದೆ. ಇದು ವರ್ಷಗಟ್ಟಲೆ ಒಂದಂಗುಲವೂ ಅಲ್ಲಾಡಿರಲಿಲ್ಲ. ಟೈರುಗಳು ಕಾರಿನ ಜೊತೆ ಬಂದವೇ. ಅವುಗಳ ಪಕ್ಕೆಯ ಮೇಲೆ ಒತ್ತಿದ್ದ ವರ್ಷವೇ ಹೇಳುತ್ತಿತ್ತು. ಗೀರುಗಳು ಆಳವಾಗಿದ್ದವು, ಆದರೆ ವಯಸ್ಸಾಗಿ ಬಿರಿದಿದ್ದವು. ಮೀಟರಿನ ತಿರುಪುಗಳನ್ನು ಯಾರೂ ಮುಟ್ಟಿದ ಗುರುತಿಲ್ಲ. ಸರ್ವಿಸ್ ಪುಸ್ತಕದಲ್ಲಿ ಕೊನೆಯ ಮುದ್ರೆ ಇಪ್ಪತ್ತಾರು ವರ್ಷದ ಹಿಂದಿನದು, ಹನ್ನೊಂದು ಸಾವಿರದ ಮುನ್ನೂರ ತೊಂಬತ್ತಾರರಲ್ಲಿ. ಅಂದರೆ ಮನೆಯಿಂದ ಈ ಶೆಡ್ಡಿಗೆ ಬಂದದ್ದು ಸೇರಿ ಆಮೇಲೆ ಓಡಿದ್ದು ಹತ್ತೇ ಹತ್ತು ಕಿಲೋಮೀಟರ್.

ಕೊನೆಗೆ ಪಕ್ಕದ ಸೀಟು ನೋಡಿದೆ. ನಿನ್ನೆ ಅದರ ಮೇಲೆ ನನ್ನ ಚೀಲ ಇಟ್ಟಿದ್ದೆ, ನೋಡಿರಲಿಲ್ಲ. ಚರ್ಮದಲ್ಲಿ ಒಂದು ನೆರಿಗೆಯಿಲ್ಲ. ಸೀಟು ಬೆಲ್ಟಿಗೆ ಕಾರ್ಖಾನೆಯಲ್ಲಿ ಸುತ್ತಿದ ಕಾಗದದ ಪಟ್ಟಿ ಹಳದಿಯಾಗಿ ಹಾಗೇ ಇತ್ತು. ಅಲ್ಲಿ ಮೂವತ್ತಮೂರು ವರ್ಷದಲ್ಲಿ ಒಬ್ಬ ನರಪಿಳ್ಳೆಯೂ ಕೂತಿರಲಿಲ್ಲ.

ಆಕೆಯ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಯಾರ್‍ಯಾರದೋ ಕೋಟು ಪ್ಯಾಂಟುಗಳು. ಹಳೆಯ ಬಟ್ಟೆ ರಿಪೇರಿ ಮಾಡಿಕೊಡುವುದು ಆಕೆಯ ಕೆಲಸ. ಬಾಗಿಲ ಪಕ್ಕ ಗಂಡನ ಬಟ್ಟೆಗಳನ್ನು ನಾಲ್ಕು ಗಂಟು ಕಟ್ಟಿ ಇಟ್ಟಿದ್ದರು.

“ನಿನ್ನೆ ನಾನು ಹೇಳಿದ್ದು ತಪ್ಪಮ್ಮಾ,” ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಬಾರದಿದ್ದ ಮಾತು. “ಮೀಟರು ನಿಜ. ಒಮ್ಮೆ ಬನ್ನಿ, ತೋರಿಸ್ತೀನಿ.”

ಶೆಡ್ಡಿನಲ್ಲಿ ನಾನು ಎಣ್ಣೆಯ ಗುಬುಟು ತೋರಿಸಿದೆ, ಟೈರು ತೋರಿಸಿದೆ, ರಬ್ಬರು ಒತ್ತಿ ನೋಡಿ ಎಂದೆ. ಈ ಸಲ ಹೊಸಿಲು ದಾಟಿ ಒಳಗೆ ಬಂದಿದ್ದರು. ಕುಳಿಬಿದ್ದ ಸೀಟಿನ ಮೇಲೆ ಅಂಗೈ ಇಟ್ಟರು.

“ಅವರ ಭಾನುವಾರದ ಪ್ಯಾಂಟು,” ಎಂದರು ನಿಧಾನವಾಗಿ. “ಹಿಂದುಗಡೆ ಕೂತು ಕೂತು ಹೊಳೀತಿತ್ತು. ಎಷ್ಟು ಸಲ ಒಳಗಿಂದ ತೇಪೆ ಹಾಕಿದೀನಿ. ಕಾರು ಓಡಿಸ್ತಾರಲ್ಲ, ಅದಕ್ಕೇ ಅಂದ್ಕೊಂಡಿದ್ದೆ. ಬಟ್ಟೆ ನೋಡಿ ಮನುಷ್ಯನ ನಡೆ ಹೇಳೋಳು ನಾನು. ನನಗೂ ತಿಳೀಲಿಲ್ಲ ನೋಡಿ.”

“ಇಬ್ಬರಿಗೂ ಒಂದೇ ತಪ್ಪಾಯ್ತು.”

“ಹಾಗಾದ್ರೆ ಯಾರ ಮನೆಗೂ ಹೋಗಿಲ್ಲ.”

“ಇಲ್ಲ. ಪಕ್ಕದ ಸೀಟಲ್ಲಿ ಇವತ್ತಿನ ತನಕ ಯಾರೂ ಕೂತಿಲ್ಲ.”

ಆಕೆಗೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಹೆಡ್ಡ ನಾನು. ಆಕೆ ಗೋಡೆಗೆ ಒರಗಿ, ಇಪ್ಪತ್ತಾರು ವರ್ಷದ ಅಳುವನ್ನು ಅಲ್ಲೇ ಅತ್ತರು.

“ಇನ್ನೊಬ್ಬಳು ಇದ್ದಿದ್ರೆ ಬೈಯೋಕಾದ್ರೂ ಒಬ್ಬಳು ಸಿಗ್ತಿದ್ದಳು,” ಎಂದರು ಕಣ್ಣೊರೆಸಿಕೊಂಡು. “ಇದೇನಿದು? ಹತ್ತು ನಿಮಿಷದ ದಾರೀಲಿ ಒಬ್ಬರೇ ಬಂದು ಗೋಡೆ ನೋಡ್ಕೊಂಡು ಕೂತಿದ್ದಾರೆ! ಕಾರು ತಂದ ಮೇಲೆ ಏಳು ವರ್ಷ ಒಬ್ಬರೇ ಊರೆಲ್ಲ ಸುತ್ತೋರು. ಒಂದಿನ ಮನೆ ತುಂಬ ನೆಂಟರಿದ್ರು, ಎಲ್ಲರೆದುರಿಗೆ ‘ಬಾ, ಒಂದು ಸುತ್ತು ಹೋಗಿ ಬರೋಣ’ ಅಂದ್ರು. ನನಗೆ ನಾಚಿಕೆಯಾಯ್ತು. ‘ಅಯ್ಯೋ, ಈ ಬೆಂಕಿಪೊಟ್ಟಣದಲ್ಲಿ ಯಾರು ಕೂರ್ತಾರೆ, ತರಕಾರಿ ಚೀಲಕ್ಕೇ ಜಾಗ ಇಲ್ಲ’ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವರೂ ನಕ್ಕರು. ಆ ತಿಂಗಳೇ ಕಾರನ್ನ ಇಲ್ಲಿಗೆ ತಂದಿಟ್ರು. ಇನ್ನೊಂದ್ಸಲ ಕರೀಬಹುದಿತ್ತಲ್ವಾ? ಕರೆದಿದ್ರೆ ಬರ್ತಿದ್ದೆ. ಮನೇಲಿ ಏನು ಕಮ್ಮಿಯಾಗಿತ್ತು ಅಂತ ಇಲ್ಲಿ ಬಂದು ಕೂತ್ರು? ಹೇಳಿ, ನೀವು ಎಲ್ಲ ಸವೆತಾನೂ ಓದ್ತೀರಲ್ಲ!”

ಸುಮ್ಮನಿರಬಹುದಿತ್ತು. ಆದರೆ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

“ಏನೂ ಕಮ್ಮಿಯಾಗಿರಲ್ಲಮ್ಮಾ,” ಎಂದೆ. “ನಾನೂ ಕೂರ್ತೀನಿ. ಮನೆ ಕೆಳಗೆ, ಕಾರಲ್ಲಿ, ದಿನಾ ಸಂಜೆ. ಹೆಂಡತಿ ಇದ್ದಾಗಿಂದ. ಅವಳ ಮೇಲೆ ಸಿಟ್ಟಿರಲಿಲ್ಲ. ಮೇಲೆ ಹೋಗಿ ಏನು ಮಾತಾಡಬೇಕು ಅಂತ ಗೊತ್ತಾಗ್ತಿರಲಿಲ್ಲ, ಅಷ್ಟೇ. ಹೋಗ್ಬೇಕು, ಈಗ ಹೋಗ್ಬೇಕು ಅಂತ ಅಂದ್ಕೊಂಡೇ ಗಂಟೆ ಕಳೆದುಹೋಗೋದು. ಅವಳು ಪಾಪದವಳು, ಅವಳಿಗೆ ಕೊನೇವರೆಗೂ ಗೊತ್ತಾಗಲಿಲ್ಲ.”

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕಾರು ನೋಡುವಾಗ ಹೀಗೆಯೇ ನೋಡುತ್ತೇನೇನೋ.

“ಕಾರು ನಿಲ್ಲಿಸ್ತಿದ್ದ ಜಾಗ ಮನೆಯಿಂದ ಕಾಣುತ್ತಾ?”

“ಅಡುಗೆಮನೆ ಕಿಟಕಿ ಕೆಳಗೇ.”

“ನೀವು ಮೇಲೆ ಹೋದಾಗ ಊಟ ಆರಿ ತಣ್ಣಗಾಗಿರ್ತಿತ್ತಾ?”

“ಇಲ್ಲ. ಯಾವಾಗ ಹೋದ್ರೂ ಬಿಸಿಯಾಗೇ…”

“ಕಾರಿನ ಬಾಗಿಲು ತೆಗೆದ್ರೆ ಒಳಗೆ ದೀಪ ಹತ್ತುತ್ತಲ್ವಾ?” ಎಂದರು ಆಕೆ, ಬಹಳ ಮೃದುವಾಗಿ. “ಮೆಟ್ಟಿಲು ಹತ್ತೋಕೆ ನಿಮಗೆ ಎಷ್ಟು ಹೊತ್ತು ಬೇಕು?”

“ಮೂರು ಮಹಡಿ. ಮೊಣಕಾಲು ನೋವು. ನಾಲ್ಕೈದು ನಿಮಿಷ.”

“ಒಂದು ಪಾತ್ರೆ ಬಿಸಿ ಮಾಡೋಕೆ ಅಷ್ಟು ಸಾಕು. ಅವರಿಗೆ ಗೊತ್ತಿತ್ತು ರೀ. ದಿನಾ ಕಿಟಕೀಲಿ ನಿಂತು ಕಾದಿದ್ದಾರೆ.”

ನಾನು ಕಾರಿನ ಬಾಗಿಲು ಹಿಡಿದುಕೊಂಡೆ. ಹನ್ನೆರಡು ವರ್ಷ ಬಿಸಿ ಊಟ ಮಾಡಿದೆ, ಅದು ಹೇಗೆ ಬಿಸಿಯಿತ್ತು ಎಂದು ಒಂದು ದಿನ ಯೋಚಿಸಲಿಲ್ಲ. ಊರಿನವರ ಕಾರುಗಳ ಸವೆತ ಓದಿದವನಿಗೆ ಸ್ವಂತ ಮನೆಯ ಒಲೆ ಓದಲು ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕರವಸ್ತ್ರ ಬೇಕಾಯಿತು.

ಆಕೆ ಸುತ್ತಿ ಬಂದು ಆ ಕಡೆಯ ಬಾಗಿಲು ತೆರೆದರು. ಪಕ್ಕದ ಸೀಟಿನ ಮೇಲೆ ಕೂರಲು ಬಗ್ಗಿದರು. ಯಾರೂ ಕೂರದ ಸೀಟು ಎಂದರೆ ಇಂಥ ಕಾರಿನಲ್ಲಿ ಚಿನ್ನವಿದ್ದಂತೆ, ‘ಬೇಡ’ ಎನ್ನುವ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಆಕೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಗೋಡೆ ನೋಡಿದರು.

“ಚೀಲಕ್ಕೆ ಜಾಗ ಇದೆ,” ಎಂದರು.

ಸ್ವಲ್ಪ ಹೊತ್ತಾದ ಮೇಲೆ ಇಳಿದು, ಸೀರೆ ಸರಿಮಾಡಿಕೊಂಡು, “ಮೈದುನನಿಗೆ ಮಾರು ಅಂತ ಹೇಳಿ. ಯಾರಾದ್ರೂ ಇದನ್ನ ಓಡಿಸ್ಲಿ. ನಾನು ಹೋಗಿ ಗಂಟುಗಳನ್ನ ಬಿಚ್ಚಬೇಕು, ನಾಳೆ ಹಳೇ ಬಟ್ಟೆಯವರು ಬಂದ್ಬಿಡ್ತಾರೆ,” ಎಂದರು. ಹೋಗುವಾಗ ಮೊಳೆಗೆ ತೂಗಿದ್ದ ಹಳೆಯ ಸ್ವೆಟರನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡರು.

ಶೆಡ್ಡಿನಲ್ಲೇ ಕೂತು ವರದಿ ಬರೆದೆ. ಹನ್ನೊಂದು ಸಾವಿರದ ನಾನೂರ ಆರು, ನಿಜ. ಓಡಿಸುವವರ ಸೀಟು, ಬಹಳ ಸವೆದಿದೆ. ಪಕ್ಕದ ಸೀಟು, ಒಂದು ಸಲ ಬಳಸಲಾಗಿದೆ. ಕೊಳ್ಳುವವನು ಏನಾದರೂ ಅರ್ಥ ಮಾಡಿಕೊಳ್ಳಲಿ.

ಸಂಜೆ ಏಳಕ್ಕೆ ಮನೆಯ ಕೆಳಗೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಆ ದಿನ ಕೂರಲಿಲ್ಲ. ತಕ್ಷಣ ಬಾಗಿಲು ತೆಗೆದೆ, ಒಳಗಿನ ದೀಪ ಹತ್ತಿತು. ತಲೆಯೆತ್ತಿ ಮೂರನೇ ಮಹಡಿಯ ಕಿಟಕಿ ನೋಡಿದೆ. ಕತ್ತಲಾಗಿತ್ತು. ಬಾಗಿಲು ಹಾಕಿ ಮತ್ತೆ ತೆಗೆದೆ. “ಬಂದೆ ಕಣೇ,” ಎಂದೆ.